ಲಾಭಾಂಶ, ಮೂಲಧನ ಮತ್ತು ಗೃಹಸ್ಥನ ವಿವೇಕ

ವ್ಯಾಪಾರವನ್ನೇ ವೃತ್ತಿಯಾಗಿ ನಂಬಿಕೊಂಡು ಬಂದ ಕುಟುಂಬಗಳಲ್ಲಿ 'ಮೂಲವನ್ನು ಮುಟ್ಟಬಾರದು' ಎಂಬ ಮಾತಿಗೆ ಶಾಸ್ತ್ರವಾಕ್ಯದಷ್ಟೇ ಗೌರವವಿದೆ. ಬಡ್ಡಿ ಬಂದರೆ ಉಣ್ಣು, ಬಾಡಿಗೆ ಬಂದರೆ ಉಣ್ಣು, ಅಸಲಿಗೆ ಮಾತ್ರ ಕೈಹಾಕಬೇಡ ಎಂಬುದು ಹಿರಿಯರ ಕಟ್ಟಪ್ಪಣೆ. ಹೊಲ, ಮನೆ, ಸಾಲಪತ್ರಗಳ ಕಾಲದಲ್ಲಿ ಅಸಲು ಯಾವುದು, ಫಲ ಯಾವುದು ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಷೇರು ಎಂಬ ಆಸ್ತಿ ಮನೆ ಸೇರಿದ ಮೇಲೆ ಈ ಗೆರೆ ಮಸುಕಾಗಿದೆ. ಕಂಪನಿ ಕೊಡುವ ಲಾಭಾಂಶ ಮಾತ್ರ ಫಲವೇ? ಷೇರಿನ ಬೆಲೆ ಏರಿದರೆ ಆ ಏರಿಕೆ ಫಲವೋ ಅಸಲೋ? ಕೈತುಂಬ ಲಾಭಾಂಶ ಕೊಡುವ ಕಂಪನಿ ಒಳ್ಳೆಯದೋ, ಲಾಭವನ್ನು ತನ್ನಲ್ಲೇ ಇಟ್ಟುಕೊಂಡು ಬೆಳೆಯುವ ಕಂಪನಿ ಒಳ್ಳೆಯದೋ? ಈ ಪ್ರಶ್ನೆಗಳು ಅರ್ಥಶಾಸ್ತ್ರಜ್ಞರಿಗಷ್ಟೇ ಸೇರಿದವೆಂದು ನಾನು ತಿಳಿದಿದ್ದೆ. ನಮ್ಮ ಮನೆಯಲ್ಲೇ ಅವು ಎದ್ದಾಗ, ಇವು ಗೃಹಸ್ಥಧರ್ಮಕ್ಕೂ ಸೇರಿದವೆಂಬುದು ಮನವರಿಕೆಯಾಯಿತು.

ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದಲ್ಲಿ ನಮ್ಮದು ಹಳೆಯ ಅಂಗಡಿ. ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆ ಬರುವವರು, ಮುಕ್ತೀಶ್ವರನ ದರ್ಶನಕ್ಕೆ ಬರುವವರು, ಸುತ್ತಲಿನ ಹಳ್ಳಿಗಳ ರೈತರು ಇವರೇ ನಮ್ಮ ಗಿರಾಕಿಗಳು. ನಮ್ಮ ಅಣ್ಣನವರು ಅಂಗಡಿಯ ಉಳಿತಾಯದಲ್ಲಿ ಮೂವತ್ತು ವರ್ಷಗಳ ಕಾಲ ಐದಾರು ಕಂಪನಿಗಳ ಷೇರುಗಳನ್ನು ಕೊಂಡಿದ್ದರು. ಅವರು ಕಾಲವಾದ ಮೇಲೆ ಆ ಲಾಭಾಂಶವೇ ಅತ್ತಿಗೆಯವರ ಜೀವನಾಧಾರವಾಯಿತು. ಅದರಲ್ಲೇ ಮನೆ ನಡೆಸಿ, ಪ್ರತಿ ಜೂನ್ ತಿಂಗಳಲ್ಲಿ ಇಬ್ಬರು ಬಡ ಹೆಣ್ಣುಮಕ್ಕಳ ಶಾಲೆಯ ಶುಲ್ಕವನ್ನೂ ಅವರು ಕಟ್ಟುತ್ತಿದ್ದರು. ಅದು ಅಣ್ಣನವರ ಹೆಸರಿನಲ್ಲಿ ಅವರು ಹಿಡಿದ ನಿಯಮ. ಒಂದು ವರ್ಷ ಅವುಗಳಲ್ಲೊಂದು ಕಂಪನಿ ಹೊಸ ಕಾರ್ಖಾನೆ ಕಟ್ಟುವ ಕಾರಣ ಹೇಳಿ ಲಾಭಾಂಶವನ್ನು ಅರ್ಧಕ್ಕೆ ಇಳಿಸಿತು. ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸದಲ್ಲಿರುವ ಮಗ, "ಅಮ್ಮಾ, ಚಿಂತೆ ಮಾಡಬೇಡಿ. ಕಡಿಮೆಯಾದಷ್ಟು ಹಣಕ್ಕೆ ಒಂದಿಷ್ಟು ಷೇರು ಮಾರಿದರಾಯಿತು. ಎರಡೂ ಒಂದೇ" ಎಂದ. ಅತ್ತಿಗೆಯವರು ಒಪ್ಪಲಿಲ್ಲ. "ಮನೆಯ ತೊಲೆ ಕಿತ್ತು ಸೌದೆ ಮಾಡಿಕೊಳ್ಳುವುದೂ, ಹಿತ್ತಲಲ್ಲಿ ಬಿದ್ದ ಗರಿ ಆಯ್ದು ಒಲೆ ಹೊತ್ತಿಸುವುದೂ ಒಂದೇ ಏನಪ್ಪಾ?" ಎಂದು ಕೇಳಿದರು. ಇಬ್ಬರೂ ನನ್ನ ಮುಖ ನೋಡಿದರು. ಇಬ್ಬರಲ್ಲಿಯೂ ನಿಜವಿದೆ ಎಂದು ನನಗೆ ತೋರಿತು. ಎಲ್ಲಿಯವರೆಗೆ ಯಾರದು ನಿಜ ಎಂಬುದನ್ನು ತಿಳಿಯಲು ನಾನು ಒಂದಿಷ್ಟು ಓದಿದೆ, ತಿಳಿದವರನ್ನು ಕೇಳಿದೆ. ಅದರ ಸಾರವನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಮೊದಲು ಮಗನ ಮಾತು. ನಮ್ಮ ತಂದೆಯವರು ಅಂಗಡಿಯ ಲೆಕ್ಕ, ಮನೆಯ ಲೆಕ್ಕ ಎಂದು ಎರಡು ಪುಸ್ತಕಗಳನ್ನು ಇಟ್ಟಿದ್ದರು. ಗಲ್ಲಾಪೆಟ್ಟಿಗೆಯಿಂದ ಐನೂರು ರೂಪಾಯಿ ತೆಗೆದು ಮನೆಗೆ ಕೊಟ್ಟ ದಿನ ಅಂಗಡಿಯ ಪುಸ್ತಕದಲ್ಲಿ ಐನೂರು ಕಡಿಮೆ, ಮನೆಯ ಪುಸ್ತಕದಲ್ಲಿ ಐನೂರು ಹೆಚ್ಚು. ನಾವು ಆ ದಿನ ಶ್ರೀಮಂತರೂ ಆಗಲಿಲ್ಲ, ಬಡವರೂ ಆಗಲಿಲ್ಲ. ಲಾಭಾಂಶವೂ ಹೀಗೆಯೇ. ನೂರು ರೂಪಾಯಿ ಬೆಲೆಯ ನೂರು ಷೇರುಗಳು ಒಬ್ಬರಲ್ಲಿವೆ ಎನ್ನೋಣ. ಒಟ್ಟು 10,000 ರೂಪಾಯಿ. ಕಂಪನಿ ಷೇರಿಗೆ 5 ರೂಪಾಯಿ ಕೊಟ್ಟರೆ ಅಷ್ಟು ಹಣ ಕಂಪನಿಯಿಂದ ಹೊರಟುಹೋಗುವುದರಿಂದ, ಬೇರೆ ಕಾರಣಗಳಿಲ್ಲದಿದ್ದರೆ, ಷೇರಿನ ಬೆಲೆ ಸುಮಾರು 95ಕ್ಕೆ ಇಳಿಯುತ್ತದೆ. ಕೈಯಲ್ಲಿ 500, ಷೇರುಗಳಲ್ಲಿ 9,500. ಕಂಪನಿ ಏನೂ ಕೊಡದೆ, ಈತನೇ ಐದು ಷೇರು ಮಾರಿದ್ದರೆ? ಕೈಯಲ್ಲಿ 500, ಉಳಿದ 95 ಷೇರುಗಳಲ್ಲಿ 9,500. ಲೆಕ್ಕ ಒಂದೇ.

ಇದನ್ನು 1961ರಲ್ಲಿ ಮರ್ಟನ್ ಮಿಲ್ಲರ್ ಮತ್ತು ಫ್ರಾಂಕೊ ಮೊಡಿಗ್ಲಿಯಾನಿ ಎಂಬ ಇಬ್ಬರು ಪಂಡಿತರು ಸಿದ್ಧಾಂತವಾಗಿ ಮಂಡಿಸಿದರು. ತೆರಿಗೆ ಇಲ್ಲ, ದಲ್ಲಾಳಿ ಖರ್ಚಿಲ್ಲ, ಕಂಪನಿಯ ಸ್ಥಿತಿ ಎಲ್ಲರಿಗೂ ಸಮಾನವಾಗಿ ಗೊತ್ತು, ಕಂಪನಿ ಯಾವ ಉದ್ಯಮದಲ್ಲಿ ಎಷ್ಟು ಹಣ ತೊಡಗಿಸಬೇಕೆಂಬುದು ಮೊದಲೇ ನಿಶ್ಚಯವಾಗಿದೆ ಎಂದು ಇಟ್ಟುಕೊಂಡರೆ, ಲಾಭಾಂಶ ಹೆಚ್ಚು ಕೊಟ್ಟರೂ ಕಡಿಮೆ ಕೊಟ್ಟರೂ ಷೇರುದಾರನ ಸಂಪತ್ತು ಬದಲಾಗದು ಎಂಬುದು ಅವರ ನಿರ್ಣಯ. ಸಂಪತ್ತನ್ನು ಹುಟ್ಟಿಸುವುದು ಉದ್ಯಮದ ಗಳಿಕೆ. ಅದನ್ನು ಹಂಚುವ ರೀತಿಯಲ್ಲ. ಮುಂದೆ ಮೊಡಿಗ್ಲಿಯಾನಿಯವರಿಗೆ 1985ರಲ್ಲಿಯೂ ಮಿಲ್ಲರ್ ಅವರಿಗೆ 1990ರಲ್ಲಿಯೂ ನೊಬೆಲ್ ಪುರಸ್ಕಾರ ದೊರೆಯಿತು.

ನಮ್ಮ ಸೀಮೆಯ ರೈತನಿಗೆ ಇದು ಹೊಸ ಮಾತೇನೂ ಅಲ್ಲ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡು ಮಾರಿ ಬಂದ ರೇಷ್ಮೆ ಬೆಳೆಗಾರ ಆ ಹಣವನ್ನೆಲ್ಲ ಮನೆಗೆ ತರಬಹುದು, ಅಥವಾ ಹುಳು ಸಾಕುವ ಮನೆಯನ್ನು ಇನ್ನೆರಡು ಅಂಕಣ ವಿಸ್ತರಿಸಬಹುದು. ವಿಸ್ತರಿಸಿದ ಮನೆಯಲ್ಲಿ ಒಳ್ಳೆಯ ಗೂಡು ಬಂದರೆ ಮನೆಗೆ ತಾರದಿದ್ದುದೇ ಲಾಭ. ನೀರಿಲ್ಲದ ಕಡೆ ಮೂರನೆಯ ಕೊಳವೆ ಬಾವಿ ಕೊರೆಸಿ ಅದೂ ಬತ್ತಿದರೆ, ಮನೆಗೆ ತಂದಿದ್ದರೇ ಚೆನ್ನಾಗಿತ್ತು. ಆದುದರಿಂದ ಲಾಭಾಂಶ ಎಷ್ಟು ಎಂಬ ಪ್ರಶ್ನೆಗಿಂತ, ಕೊಡದೆ ಉಳಿಸಿಕೊಂಡ ಹಣವನ್ನು ಕಂಪನಿ ಏನು ಮಾಡುತ್ತಿದೆ ಎಂಬ ಪ್ರಶ್ನೆ ದೊಡ್ಡದು.

ಇದಕ್ಕೆ ನಮ್ಮ ರಾಜ್ಯದಲ್ಲಿಯೇ ಪ್ರಸಿದ್ಧವಾದ ನಿದರ್ಶನವಿದೆ. ಇನ್ಫೋಸಿಸ್ ಕಂಪನಿ 1993ರಲ್ಲಿ ಸಾರ್ವಜನಿಕರಿಗೆ 95 ರೂಪಾಯಿಗೆ ಒಂದರಂತೆ ಷೇರು ನೀಡಿತು. ಅಂದು 9,500 ರೂಪಾಯಿಗೆ ನೂರು ಷೇರು ಪಡೆದವರು ಮಾರದೆ ಉಳಿಸಿಕೊಂಡಿದ್ದರೆ, 1994, 1997, 1999, 2004, 2006, 2014, 2015 ಮತ್ತು 2018ರ ಬೋನಸ್ ಷೇರುಗಳು ಹಾಗೂ 2000ದಲ್ಲಿ ಆದ ಷೇರು ವಿಭಜನೆ ಸೇರಿ ಅವು 1,02,400 ಷೇರುಗಳಾಗಿವೆ. ಬೋನಸ್ಸಿನಿಂದಲೇ ಸಂಪತ್ತು ಬೆಳೆಯಿತೆಂದು ಅನೇಕರು ತಿಳಿಯುತ್ತಾರೆ. ನೂರರ ನೋಟನ್ನು ಹತ್ತರ ಹತ್ತು ನೋಟುಗಳಾಗಿ ಚಿಲ್ಲರೆ ಮಾಡಿಸಿದರೆ ಹಣ ಹೆಚ್ಚುವುದಿಲ್ಲ, ಬೋನಸ್ಸೂ ಅಂತಹುದೇ. ಬೆಳೆದದ್ದು ಉದ್ಯಮ. ಬೆಳೆಯುವ ದಿನಗಳಲ್ಲಿ ಲಾಭದ ಬಹುಭಾಗ ಉದ್ಯಮದಲ್ಲೇ ಉಳಿಯಿತು. ಪ್ರಾಯ ತುಂಬಿದ ಮೇಲೆ ಅದೇ ಕಂಪನಿ ರೀತಿ ಬದಲಿಸಿತು. 2017ರಲ್ಲಿ 13,000 ಕೋಟಿ ರೂಪಾಯಿಯ ಷೇರುಗಳನ್ನು ತಾನೇ ಮರಳಿ ಕೊಂಡಿತು. ಖರ್ಚುವೆಚ್ಚ, ಬಂಡವಾಳ ವೆಚ್ಚಗಳೆಲ್ಲ ಕಳೆದು ಮಿಗುವ ನಗದಿನಲ್ಲಿ ಐದು ವರ್ಷಗಳ ಒಟ್ಟು ಲೆಕ್ಕದಲ್ಲಿ ಸುಮಾರು 85 ಭಾಗವನ್ನು ಷೇರುದಾರರಿಗೆ ಮರಳಿಸುವ ನೀತಿಯನ್ನು ಪ್ರಕಟಿಸಿತು. ಎಳೆಯ ಗಿಡದ ಎಲೆ ಕೀಳಬಾರದು, ಬೆಳೆದ ಗಿಡದ ಎಲೆ ಕೀಳದೆ ಬಿಡಬಾರದು ಎಂಬುದು ಹಿಪ್ಪುನೇರಳೆ ತೋಟದ ನೀತಿ. ಕಂಪನಿಗೂ ಅದೇ.

ಆದರೆ ಈ ಒಂದು ನಿದರ್ಶನವನ್ನು ಹಿಡಿದು ಲಾಭಾಂಶ ಕೊಡದ ಕಂಪನಿಗಳೆಲ್ಲ ಉತ್ತಮವೆನ್ನಲಾಗದು. ಅದೇ ತೊಂಬತ್ತರ ದಶಕದಲ್ಲಿ ಜನರಿಂದ ಹಣ ಎತ್ತಿ ವಿಳಾಸವೇ ಇಲ್ಲದಂತೆ ಮಾಯವಾದ ಕಂಪನಿಗಳೂ ಇದ್ದವು. ಅವುಗಳ ಬೆನ್ನು ಹತ್ತಲು ಕೇಂದ್ರ ಸರ್ಕಾರ 1999ರಲ್ಲಿ ಒಂದು ಸಮಿತಿಯನ್ನೇ ರಚಿಸಬೇಕಾಯಿತು. ಪುಸ್ತಕದಲ್ಲಿ ಲಾಭ ಬರೆಯುವುದು ಸುಲಭ, ಕೈಗೆ ಹಣ ಕೊಡುವುದು ಕಷ್ಟ. ಇಲ್ಲಿ ಅತ್ತಿಗೆಯವರ ಪಕ್ಷಕ್ಕೆ ಬಲ ಬರುತ್ತದೆ. ವರ್ಷವರ್ಷವೂ ತಪ್ಪದೆ ಬರುವ ಲಾಭಾಂಶ, ಕಂಪನಿಯ ಲಾಭ ಕಾಗದದ ಮೇಲಿನದಲ್ಲ ಎಂಬುದಕ್ಕೆ ಒಂದು ಸಾಕ್ಷಿ. ಒಂದೇ ಸಾಕ್ಷಿಯನ್ನು ನಂಬಿ ತೀರ್ಪು ಕೊಡಬಾರದೆಂಬುದೂ ನೆನಪಿರಬೇಕು. 2009ರ ಜನವರಿಯಲ್ಲಿ ಸತ್ಯಂ ಕಂಪನಿಯ ಅಧ್ಯಕ್ಷರು, ಲೆಕ್ಕದಲ್ಲಿ ತೋರಿಸಿದ 5,361 ಕೋಟಿ ರೂಪಾಯಿ ನಗದಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲವೆಂದು ಪತ್ರ ಬರೆದು ಒಪ್ಪಿಕೊಂಡರು. ಆ ಕಂಪನಿಯೂ ಲಾಭಾಂಶ ಕೊಡುತ್ತಲೇ ಬಂದಿತ್ತು.

ಲಾಭಾಂಶವು ಮಾತಿನಂತೆಯೂ ಕೆಲಸ ಮಾಡುತ್ತದೆ. ಅಮೆರಿಕದ ಜಾನ್ ಲಿಂಟ್ನರ್ ಅವರು 28 ಕಂಪನಿಗಳ ಅಧಿಕಾರಿಗಳನ್ನು ವಿಚಾರಿಸಿ 1956ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಡಳಿತ ಮಂಡಳಿಗಳು ಲಾಭಾಂಶವನ್ನು ಇಳಿಸಲು ಬಹಳ ಹಿಂಜರಿಯುತ್ತವೆ. ಏರಿಸುವಾಗಲೂ ಮುಂದೆ ಇಳಿಸಬೇಕಾಗದೆಂಬ ಭರವಸೆ ಬಂದ ಮೇಲೆಯೇ ಮೆಲ್ಲಮೆಲ್ಲನೆ ಏರಿಸುತ್ತವೆ. ಆದುದರಿಂದ ಏರಿಕೆಯನ್ನು ಜನ ಧೈರ್ಯದ ಮಾತೆಂದೂ, ಇಳಿಕೆಯನ್ನು ಸಂಕಟದ ಮಾತೆಂದೂ ಕೇಳಿಸಿಕೊಳ್ಳುತ್ತಾರೆ. 1995ರಲ್ಲಿ ಪ್ರಕಟವಾದ ಇನ್ನೊಂದು ಅಮೆರಿಕನ್ ಅಧ್ಯಯನದಲ್ಲಿ, ಮೊದಲ ಬಾರಿಗೆ ಲಾಭಾಂಶ ಆರಂಭಿಸಿದ ಕಂಪನಿಗಳ ಷೇರು ಆ ಸುದ್ದಿಯ ದಿನಗಳಲ್ಲಿ ಸರಾಸರಿ ಶೇಕಡಾ 3ಕ್ಕಿಂತ ತುಸು ಹೆಚ್ಚು ಏರಿದರೆ, ಲಾಭಾಂಶ ನಿಲ್ಲಿಸಿದವುಗಳ ಷೇರು ಶೇಕಡಾ 7ರಷ್ಟು ಇಳಿದುದು ಕಂಡುಬಂತು. ಕೊಟ್ಟದ್ದನ್ನು ನಿಲ್ಲಿಸುವ ನೋವು, ಹೊಸದಾಗಿ ಕೊಡುವ ಸಂತೋಷಕ್ಕಿಂತ ದೊಡ್ಡದು. ಇದು ದಾನ ಮಾಡುವವರಿಗೂ ತಿಳಿದ ವಿಷಯ.

ಇನ್ನು ತೆರಿಗೆ. 1997ರಿಂದ 2020ರ ಮಾರ್ಚ್‌ವರೆಗೆ ನಮ್ಮ ದೇಶದಲ್ಲಿ, ನಡುವಣ ಒಂದು ವರ್ಷದ ಹೊರತು, ಲಾಭಾಂಶದ ಮೇಲಿನ ತೆರಿಗೆಯನ್ನು ಕಂಪನಿಯೇ ಕಟ್ಟುತ್ತಿತ್ತು. 2020ರ ಏಪ್ರಿಲ್ 1ರಿಂದ ಅದು ಪಡೆದವರ ಆದಾಯಕ್ಕೆ ಸೇರಿ, ಅವರವರ ಮಟ್ಟಕ್ಕೆ ತಕ್ಕಂತೆ ತೆರಿಗೆಗೆ ಒಳಪಡುತ್ತದೆ. ಶೇಕಡಾ 30ರ ಮಟ್ಟದಲ್ಲಿರುವ ಮಗನಿಗೆ ನೂರು ರೂಪಾಯಿ ಲಾಭಾಂಶದಲ್ಲಿ ಎಪ್ಪತ್ತೂ ಪೂರ್ತಿ ಉಳಿಯುವುದಿಲ್ಲ; ಆದಾಯ ಕಡಿಮೆಯಿರುವ ತಾಯಿಗೆ ನೂರೂ ಉಳಿಯಬಹುದು. ಷೇರು ಮಾರಿದರೆ ತೆರಿಗೆ ಬೀಳುವುದು ಮಾರಾಟದ ಹಣಕ್ಕಲ್ಲ, ಅದರಲ್ಲಿರುವ ಲಾಭಕ್ಕೆ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಷೇರುಗಳನ್ನು ಪೇಟೆಯಲ್ಲಿ ಮಾರಿದಾಗ, 2024ರ ಜುಲೈ 23ರಿಂದ ವರ್ಷಕ್ಕೆ 1,25,000 ರೂಪಾಯಿ ಮೀರಿದ ಲಾಭದ ಮೇಲೆ ಶೇಕಡಾ 12.5ರ ದರ. ಮಿಲ್ಲರ್ ಮತ್ತು ಮೊಡಿಗ್ಲಿಯಾನಿಯವರ 'ಎರಡೂ ಒಂದೇ' ಎಂಬ ಮಾತು ಇಲ್ಲಿ ಮುರಿಯುತ್ತದೆ. ಒಂದೇ ಮನೆಯಲ್ಲಿ ಮಗನಿಗೆ ಬೆಳೆಯುವ ಕಂಪನಿಯೂ ತಾಯಿಗೆ ಲಾಭಾಂಶ ಕೊಡುವ ಕಂಪನಿಯೂ ಹಿತವಾಗಿರಬಹುದು. ಕಾನೂನು ಆಗಾಗ ಬದಲಾಗುವುದರಿಂದ ಪ್ರತಿ ವರ್ಷ ಲೆಕ್ಕಪರಿಶೋಧಕರನ್ನು ಕೇಳಿಕೊಳ್ಳುವುದು ಒಳ್ಳೆಯದು.

ಎರಡು ಭ್ರಮೆಗಳ ವಿಷಯದಲ್ಲಿ ನಮ್ಮ ಮನೆಗಳವರು ಎಚ್ಚರವಾಗಿರಬೇಕು. ಒಂದು, ಶೇಕಡಾವಾರಿನ ಭ್ರಮೆ. 'ಶೇಕಡಾ 500 ಲಾಭಾಂಶ' ಎಂಬ ಪ್ರಕಟಣೆ ಕಂಡು ಹಿಗ್ಗುವವರಿದ್ದಾರೆ. ಆ ಶೇಕಡಾವಾರು ಮುಖಬೆಲೆಯ ಮೇಲೆ. ಮುಖಬೆಲೆ 1 ರೂಪಾಯಿ ಆದರೆ ಬರುವುದು 5 ರೂಪಾಯಿ. ಷೇರಿನ ಪೇಟೆಬೆಲೆ 500 ಆಗಿದ್ದರೆ ಅದು ನಮ್ಮ ಹಣಕ್ಕೆ ಶೇಕಡಾ ಒಂದು ಮಾತ್ರ. ಎರಡನೆಯದು, ಎತ್ತರದ ಪ್ರತಿಫಲದ ಭ್ರಮೆ. ಕಳೆದ ವರ್ಷದ ಲಾಭಾಂಶವನ್ನು ಇಂದಿನ ಬೆಲೆಯಿಂದ ಭಾಗಿಸಿದಾಗ ಶೇಕಡಾ 12 ಬಂದರೆ, ಕಂಪನಿ ಧಾರಾಳಿಯೆಂದು ತಿಳಿಯುವ ಮುನ್ನ, ಷೇರಿನ ಬೆಲೆ ಕುಸಿದುದರಿಂದ ಆ ಅಂಕಿ ದೊಡ್ಡದಾಯಿತೇ ಎಂದು ನೋಡಬೇಕು. ಹಾಗಿದ್ದಲ್ಲಿ ಮುಂದಿನ ವರ್ಷ ಆ ಲಾಭಾಂಶ ಬರುವುದೇ ಸಂಶಯ. ಉತ್ತಮ ಕಂಪನಿಯಲ್ಲಿಯೂ ಅದು ಹಕ್ಕಾಗಿ ಬರುವ ಬಡ್ಡಿಯಲ್ಲ. 2020ರ ಏಪ್ರಿಲ್‌ನಲ್ಲಿ, ಕೊರೋನಾ ಸಂಕಟದ ಆರಂಭದಲ್ಲಿ, ರಿಸರ್ವ್ ಬ್ಯಾಂಕು ಆ ಮಾರ್ಚ್‌ಗೆ ಮುಗಿದ ವರ್ಷದ ಲಾಭದಿಂದ ಮುಂದೆ ಲಾಭಾಂಶ ಕೊಡಬಾರದೆಂದು ಬ್ಯಾಂಕುಗಳಿಗೆ ಆದೇಶಿಸಿತು. ಬ್ಯಾಂಕು ಷೇರುಗಳನ್ನೇ ಪಿಂಚಣಿಯೆಂದು ನಂಬಿದ್ದವರಿಗೆ ಅದು ಪಾಠವಾಯಿತು.

ಹಣದ ಮೂಲವನ್ನು ವಿಚಾರಿಸುವುದೂ ಶ್ರಾವಕನ ಕರ್ತವ್ಯ. ಜಗತ್ತಿನಾದ್ಯಂತ ಧಾರಾಳವಾಗಿ ಲಾಭಾಂಶ ಕೊಡುವವೆಂದು ಹೆಸರಾದ ಕಂಪನಿಗಳಲ್ಲಿ ತಂಬಾಕಿನವು ಸೇರಿವೆ. ಹೊಸ ಕಾರ್ಖಾನೆಗೆ ಹೆಚ್ಚು ಹಣ ಬೇಡ, ಗಿರಾಕಿ ಚಟ ಬಿಡಲಾರ, ಹಾಗಾಗಿ ಹಂಚಲು ಹಣ ಮಿಗುತ್ತದೆ. ಹಣಕಾಸಿನ ಪುಸ್ತಕ ಇದನ್ನು ಗುಣವೆಂದು ಬರೆಯುತ್ತದೆ. ನಮ್ಮ ಮನೆಯ ಪುಸ್ತಕದಲ್ಲಿ ಅದನ್ನು ಗುಣವೆಂದು ಬರೆಯಲಾದೀತೇ? ಅಹಿಂಸೆಯನ್ನು ಒಪ್ಪಿದವನ ದಾನದ ಹಣ ಇನ್ನೊಬ್ಬನ ಶ್ವಾಸಕೋಶದಿಂದ ಬರಬಾರದು. ಅಣ್ಣನವರು ಅಂತಹ ಷೇರುಗಳ ಕಡೆಗೆ ತಿರುಗಿಯೂ ನೋಡಲಿಲ್ಲವೆಂಬುದು ನಮಗೆ ಸಮಾಧಾನ.

ಇಷ್ಟೆಲ್ಲ ಓದಿದ ಮೇಲೆಯೂ ಅತ್ತಿಗೆಯವರ ಆಕ್ಷೇಪದಲ್ಲಿ ಲೆಕ್ಕಕ್ಕೆ ಸಿಗದ ಒಂದು ಅಂಶ ಉಳಿಯಿತು. 1974ರಲ್ಲಿ ನ್ಯೂಯಾರ್ಕ್ ನಗರಕ್ಕೆ ವಿದ್ಯುತ್ ಒದಗಿಸುವ ಕಾನ್ ಎಡಿಸನ್ ಕಂಪನಿ ಒಂದು ತ್ರೈಮಾಸಿಕದ ಲಾಭಾಂಶವನ್ನು ಕೈಬಿಟ್ಟಾಗ, ಷೇರುದಾರರ ಸಭೆಯಲ್ಲಿ ವೃದ್ಧರೂ ವಿಧವೆಯರೂ ಎದ್ದು ನಿಂತು ಗೋಳು ತೋಡಿಕೊಂಡರು. ಷೇರು ಮಾರಿಕೊಳ್ಳಿ ಎಂಬ ಸಿದ್ಧಾಂತ ಅವರಿಗೆ ಸಮಾಧಾನ ಕೊಡಲಿಲ್ಲ. ಈ ಘಟನೆಯನ್ನು ಹರ್ಷ್ ಶೆಫ್ರಿನ್ ಮತ್ತು ಮೈಯರ್ ಸ್ಟಾಟ್‌ಮನ್ ಎಂಬವರು 1984ರಲ್ಲಿ ವಿವೇಚಿಸಿ, ಲಾಭಾಂಶವನ್ನು ಮಾತ್ರ ಖರ್ಚು ಮಾಡುತ್ತೇನೆ, ಅಸಲನ್ನು ಮುಟ್ಟುವುದಿಲ್ಲ ಎಂಬ ನಿಯಮವು ಮನುಷ್ಯ ತನ್ನ ಮನಸ್ಸಿಗೆ ತಾನೇ ಹಾಕಿಕೊಳ್ಳುವ ಬೇಲಿ ಎಂದು ತೋರಿಸಿದರು. ನಮಗೆ ಇದು ಬೇಗ ಅರ್ಥವಾಗಬೇಕು. ವ್ರತವೆಂದರೆ ಬೇಲಿಯೇ ಅಲ್ಲವೇ? ಐದು ಷೇರು ಮಾರಿದವನು ಐವತ್ತನ್ನು ಮಾರಲಾರನೆಂಬ ಭರವಸೆ ಗಣಿತದಲ್ಲಿಲ್ಲ; ಸಂಯಮದಲ್ಲಿದೆ. ಇನ್ನೊಂದು ಮಾತೂ ಇದೆ. ಲಾಭಾಂಶ ತಾನಾಗಿ ಖಾತೆಗೆ ಬಂದು ಬೀಳುತ್ತದೆ. ಷೇರು ಮಾರಬೇಕಾದರೆ ಅತ್ತಿಗೆಯವರು ಮಗನಿಗೆ ಫೋನು ಮಾಡಬೇಕು, ಯಾಕೆ ಎಷ್ಟು ಎಂದು ಹೇಳಬೇಕು. ಮಗ ಎಷ್ಟೇ ಒಳ್ಳೆಯವನಾದರೂ, ಕೇಳಿ ಪಡೆಯುವ ಹಣಕ್ಕೂ ಕೇಳದೆ ಬರುವ ಹಣಕ್ಕೂ ವ್ಯತ್ಯಾಸವಿದೆ. ಅದು ಅವರು ಬಾಯಿ ಬಿಟ್ಟು ಹೇಳದಿದ್ದ ಮಾತು.

ಕಡೆಗೆ ನಾವು ಮೂವರೂ ಕುಳಿತು ಒಂದು ಕಾಗದದ ಮೇಲೆ ಬರೆದೆವು. ಎರಡು ವರ್ಷದ ಮನೆಖರ್ಚಿನಷ್ಟು ಹಣ ಅತ್ತಿಗೆಯವರ ಹೆಸರಿನಲ್ಲಿ ಬ್ಯಾಂಕು ಠೇವಣಿಯಾಗಿ ಇರತಕ್ಕದ್ದು. ಲಾಭಾಂಶವೆಲ್ಲ ಅವರ ಖಾತೆಗೇ ಬರತಕ್ಕದ್ದು. ಅದು ಸಾಲದ ವರ್ಷ, ಗೊತ್ತಾದ ಒಂದು ತಿಂಗಳಲ್ಲಿ, ಒಟ್ಟು ಷೇರುಗಳ ಬೆಲೆಯ ನೂರಕ್ಕೆ ಎರಡು ಭಾಗ ಮೀರದಂತೆ ಮಾರಿ ಠೇವಣಿಯನ್ನು ತುಂಬತಕ್ಕದ್ದು. ಇದಕ್ಕೆ ಅತ್ತಿಗೆಯವರು ಕೇಳಬೇಕಾಗಿಲ್ಲ, ಮಗನೇ ಮಾಡತಕ್ಕದ್ದು. ಹೆಣ್ಣುಮಕ್ಕಳ ಶುಲ್ಕ ಮೊದಲ ಖರ್ಚು. ಲಾಭಾಂಶ ಇಳಿಸಿದ ಕಂಪನಿಯ ಷೇರನ್ನು ಸಿಟ್ಟಿನಿಂದ ಮಾರದೆ, ಕಾರ್ಖಾನೆಯಿಂದ ಗಳಿಕೆ ಹೆಚ್ಚುವುದೇ ಎಂದು ಮೂರು ವರ್ಷ ನೋಡುವುದೆಂದು ನಿಶ್ಚಯಿಸಿದೆವು. ಅತ್ತಿಗೆಯವರು ಕಾಗದವನ್ನು ಎರಡು ಸಲ ಓದಿ, "ಬೇಲಿ ಗಟ್ಟಿಯಾಗಿದ್ದರೆ ಸರಿ" ಎಂದು ರುಜು ಹಾಕಿದರು.

ಬಸದಿ, ದೇವಸ್ಥಾನಗಳ ಟ್ರಸ್ಟಿನವರಿಗೂ ಒಂದು ಮಾತು. ಧರ್ಮಾರ್ಥ ಸಂಸ್ಥೆಗಳು ಹಣ ತೊಡಗಿಸಬಹುದಾದ ಮಾರ್ಗಗಳನ್ನು ಆದಾಯ ತೆರಿಗೆಯ ಕಾನೂನು ಗೊತ್ತುಪಡಿಸಿದೆ. ಖಾಸಗಿ ಕಂಪನಿಗಳ ಷೇರುಗಳನ್ನು ಸಾಮಾನ್ಯವಾಗಿ ಅವು ಇಟ್ಟುಕೊಳ್ಳುವಂತಿಲ್ಲ. ಆದುದರಿಂದ ದಾನಿಗಳು ಷೇರನ್ನು ಕೊಡುವ ಬದಲು ಲಾಭಾಂಶದ ಹಣವನ್ನು ಕೊಡುವುದು ಸುಗಮ. ಆದರೆ ಎಷ್ಟು ಹಂಚಬೇಕು, ಎಷ್ಟು ಉಳಿಸಬೇಕು ಎಂಬ ಪ್ರಶ್ನೆ ಟ್ರಸ್ಟಿನ ಠೇವಣಿಗೂ ಉಂಟು. ಒಂದು ಲಕ್ಷದ ಶಾಶ್ವತ ನಿಧಿಯ ಬಡ್ಡಿಯನ್ನೆಲ್ಲ ಪ್ರತಿ ವರ್ಷ ಪೂಜೆಗೂ ಆಹಾರದಾನಕ್ಕೂ ಖರ್ಚು ಮಾಡಿ, ಮೂಲವನ್ನು ಮುಟ್ಟಿಲ್ಲವೆಂದು ನಾವು ಸಮಾಧಾನಪಡುತ್ತೇವೆ. ಬೆಲೆಗಳು ವರ್ಷಕ್ಕೆ ಶೇಕಡಾ 6ರಂತೆ ಏರಿದರೆ ಹನ್ನೆರಡು ವರ್ಷಗಳಲ್ಲಿ ಆ ಲಕ್ಷದ ಶಕ್ತಿ ಅರ್ಧಕ್ಕೆ ಇಳಿದಿರುತ್ತದೆ. ಕೈಯಿಂದ ಮುಟ್ಟದಿದ್ದರೂ ಕಾಲ ಮುಟ್ಟಿರುತ್ತದೆ. ಆದಾಯದ ಶೇಕಡಾ 85ನ್ನು ಉದ್ದೇಶಕ್ಕೆ ವಿನಿಯೋಗಿಸಿ 15ನ್ನು ಉಳಿಸಿಕೊಳ್ಳಲು ಕಾನೂನೇ ಅವಕಾಶ ಕೊಟ್ಟಿದೆ. ಆ ಹದಿನೈದನ್ನು ಮೂಲಕ್ಕೆ ಸೇರಿಸುವುದು ಜಿಪುಣತನವಲ್ಲ; ದಾನಿಯ ಸಂಕಲ್ಪಕ್ಕೆ ಸಲ್ಲಿಸುವ ಗೌರವ.

ಪೆಟ್ಟಿಗೆಯಲ್ಲಿ ಹಿರಿಯರ ಹಳೆಯ ಷೇರು ಪತ್ರಗಳಿರುವವರು ಇಂದೇ ತೆಗೆದು ನೋಡುವುದು ಲೇಸು. ಏಳು ವರ್ಷ ಸತತವಾಗಿ ಪಡೆಯದೆ ಬಿಟ್ಟ ಲಾಭಾಂಶವೂ, ಅದರೊಂದಿಗೆ ಆ ಷೇರುಗಳೂ, 2013ರ ಕಂಪನಿ ಕಾಯ್ದೆಯಂತೆ ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತವೆ. ದಾಖಲೆ ಒದಗಿಸಿ ಮರಳಿ ಪಡೆಯಬಹುದಾದರೂ ಶ್ರಮ ಬಹಳ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ಅತಿಸಂಗ್ರಹವನ್ನೂ ಲೋಭವನ್ನೂ ಎಣಿಸಿದ್ದಾರೆ. ಅಗತ್ಯವಿಲ್ಲದೆ ಹಣ ಪೇರಿಸಿಕೊಂಡು ಕುಳಿತ ಕಂಪನಿಗೆ ಮೊದಲನೆಯ ದೋಷ. ಬೆಳೆಯುವ ಉದ್ಯಮದಿಂದ ಇಂದೇ ಎಲ್ಲವನ್ನೂ ಕೊಡೆಂದು ಪೀಡಿಸುವ ಷೇರುದಾರನಿಗೆ ಎರಡನೆಯದು. ಲಾಭಾಂಶ ಹೆಚ್ಚಾದಾಗ ಸಂಪತ್ತು ಬಂತೆಂದು ಹಿಗ್ಗದೆ, ಕಡಿಮೆಯಾದಾಗ ಹೋಯಿತೆಂದು ಕುಗ್ಗದೆ, ಒಟ್ಟು ಗಳಿಕೆ ನ್ಯಾಯವಾದುದೇ, ಉಳಿಸಿದ ಹಣ ಒಳ್ಳೆಯ ಕೆಲಸದಲ್ಲಿದೆಯೇ, ನಮ್ಮ ಮನೆಯ ನಿಯಮ ಗಟ್ಟಿಯಾಗಿದೆಯೇ ಎಂಬ ಮೂರನ್ನು ವಿಚಾರಿಸುವವನಿಗೆ ಪೇಟೆಯ ಏರಿಳಿತಗಳು ಅಷ್ಟಾಗಿ ಬಾಧಿಸುವುದಿಲ್ಲ. ಮೂಲವನ್ನು ಮುಟ್ಟಬಾರದೆಂಬ ಹಿರಿಯರ ಮಾತು ಇಂದಿಗೂ ಸತ್ಯವೇ. ಮೂಲ ಯಾವುದೆಂದು ಮಾತ್ರ ನಾವು ಪ್ರತಿ ತಲೆಮಾರಿನಲ್ಲಿಯೂ ಹೊಸದಾಗಿ ಲೆಕ್ಕ ಹಾಕಬೇಕಾಗುತ್ತದೆ.